ಬಡಗಿ ಉಳಿಯನ್ನು ಮೊದಲಿಂದ ಮಾಡುವುದು: ಬೆಂಕಿಗೆ ಮುಂಚೆ ಏನು, ಬೆಂಕಿ ಆದಮೇಲೆ ಏನು

ನನ್ನ ಬೆಂಚಿನ ಕೆಳಗೆ ಒಂದು ಹಳೇ ಪೇಂಟ್ ಡಬ್ಬ ಇದೆ. ಅದರ ತುಂಬ ಕೆಟ್ಟ ಉಳಿಗಳು. ಕೆಲವು ನನ್ನವೇ. ಬಾಕಿ ಎಲ್ಲ "ಎಲ್ಲಿ ತಪ್ಪಾಯ್ತು ಸ್ವಲ್ಪ ನೋಡಿ ಸಾರ್" ಅಂತ ಬೇರೆಯವರು ತಂದುಕೊಟ್ಟವು. ನೆಲಕ್ಕೆ ಸುರಿದು ವಿಂಗಡಿಸಿದರೆ ಮೂರೇ ಗುಂಪಾಗುತ್ತವೆ. ಬಾಯಿ ಮಡಚಿದವು, ಬಾಯಿ ಮುಕ್ಕಾದವು, ಹಿಡಿಯ ಹತ್ತಿರ ಲಟಕ್ಕಂತ ಮುರಿದವು.

ಇವನ್ನು ಮಾಡಿದವರ ಕೈ ಕೆಟ್ಟದ್ದೇನಲ್ಲ. ಅರದ ಕೆಲಸ ನೋಡಿದರೆ ಕೆಲವರದ್ದು ನನಗಿಂತ ಚೆನ್ನಾಗಿದೆ. ತಪ್ಪಿರುವುದು ಸರದಿಯಲ್ಲಿ. ಬೆಂಕಿಗೆ ಹಾಕುವ ಮುಂಚೆ ಮುಗಿಸಬೇಕಾದ್ದನ್ನು ಉಳಿಸಿಕೊಂಡಿದ್ದಾರೆ, ಉಳಿಸಬೇಕಾದ್ದನ್ನು ಮುಗಿಸಿಬಿಟ್ಟಿದ್ದಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ನಾವು ಮಾಡುವುದು 25 ಮಿ.ಮೀ. ಅಗಲದ ಉಳಿ. ಬಾಗಿಲು, ಕಿಟಕಿ ಕೆಲಸಕ್ಕೆ ಬಡಗಿಗಳು ದಿನಾ ಬಳಸುವ ಅಳತೆ. ಕಬ್ಬಿಣ ಬಡಿದು ರೂಪ ಕೊಡುವ ಕೆಲಸ ಇಲ್ಲಿಲ್ಲ. ಪಟ್ಟಿ ತಂದು, ಕೊಯ್ದು, ಅರ ಹಾಕಿ, ಹದ ಕೊಟ್ಟು, ಮಸೆಯುವುದು. ಮೊದಲ ಉಳಿಗೆ ಎರಡು ವಾರದ ರಜಾದಿನಗಳು ಬೇಕು. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಉಳಿಯ ಮಟ್ಟಸವಾದ ಮೈಯನ್ನು 'ಬೆನ್ನು' ಅಂತಲೂ, ಕೊಯ್ಯುವ ಅಂಚನ್ನು 'ಬಾಯಿ' ಅಂತಲೂ, ಹಿಡಿಯೊಳಗೆ ಹೋಗುವ ಭಾಗವನ್ನು 'ಬಾಲ' ಅಂತಲೂ ಕರೆಯುತ್ತೇನೆ. ಬಾಲ ಶುರುವಾಗುವ ಜಾಗ 'ಭುಜ'.

## ಏನೇನು ಬೇಕು

4 ಇಂಚಿನ ವೈಸ್, ಅಲುಗಾಡದ ಬೆಂಚು. ಹ್ಯಾಕ್ಸಾ, ಇಂಚಿಗೆ 24 ಹಲ್ಲಿನ ಬ್ಲೇಡ್ ಎರಡು ಮೂರು. 10 ಇಂಚಿನ ಬಾಸ್ಟರ್ಡ್ (ಒರಟು ಹಲ್ಲಿನ) ಅರ, 8 ಇಂಚಿನ ಸ್ಮೂತ್ ಅರ, ಒಂದು ಸಣ್ಣ ಗುಂಡು ಅರ. ಮೂಲೆಮಟ್ಟ, ಸ್ಕ್ರೈಬರ್, ಸೆಂಟರ್ ಪಂಚ್, ವರ್ನಿಯರ್. ಡ್ರಿಲ್ ಮಷಿನ್ ಮತ್ತು 3, 5, 6, 8 ಮಿ.ಮೀ. ಬಿಟ್ಟುಗಳು.

ಬೆಂಕಿ ಕೆಲಸಕ್ಕೆ ಒಂದು ಸಣ್ಣ ಕುಲುಮೆ, ಬ್ಲೋವರ್, ಕಟ್ಟಿಗೆ ಇದ್ದಿಲು, ಉದ್ದ ಇಕ್ಕಳ, ತಂತಿಗೆ ಕಟ್ಟಿದ ಹಳೇ ಸ್ಪೀಕರ್ ಮ್ಯಾಗ್ನೆಟ್. 5 ಲೀಟರ್ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, ಅದನ್ನು ಹಾಕಲು ಆಳವಾದ ತಗಡಿನ ಡಬ್ಬ, ಅದಕ್ಕೆ ಸರಿಯಾಗಿ ಕೂರುವ ತಗಡಿನ ಮುಚ್ಚಳ. ಪ್ಲಾಸ್ಟಿಕ್ ಬಕೆಟ್ ಆಗುವುದೇ ಇಲ್ಲ. ಒಂದು ಬಕೆಟ್ ಒಣ ಮರಳು ಕೈಗೆ ಸಿಗುವಂತಿರಲಿ.

ಹದ ಇಳಿಸಲು, ಅಂದರೆ ಎಣ್ಣೆಗೆ ಅದ್ದಿ ಗಟ್ಟಿಯಾದ ಉಕ್ಕನ್ನು ಮತ್ತೆ ಸ್ವಲ್ಪ ಬಿಸಿ ಮಾಡಿ ಅದರ ಪೆಡಸು ಕಮ್ಮಿ ಮಾಡಲು, ಅಡುಗೆ ಮನೆಯ ಓ.ಟಿ.ಜಿ. ಓವನ್ ಸಾಕು. ಆದರೆ ಅದರೊಳಗೆ ಇಡುವ ಒಂದು ಥರ್ಮಾಮೀಟರ್ ಬೇರೆಯಾಗಿ ಕೊಳ್ಳಿ. ಇದನ್ನು ಉಳಿಸಲು ಹೋಗಿ ಕೆಟ್ಟವರು ಬಹಳ ಜನ, ನನ್ನನ್ನೂ ಸೇರಿಸಿ. ಕೊನೆಯ ಕೆಲಸಕ್ಕೆ 10 ಮಿ.ಮೀ. ದಪ್ಪದ ಗಾಜಿನ ತುಂಡು, 120, 220, 400, 800 ನಂಬರಿನ ವಾಟರ್ ಪೇಪರ್, ಒಂದು ಒಳ್ಳೆ ಸಾಣೆಕಲ್ಲು.

ಕಣ್ಣಿಗೆ ಕನ್ನಡಕ ಇಲ್ಲದೆ ಯಾವ ಹಂತವನ್ನೂ ಶುರು ಮಾಡಬೇಡಿ. ಬೆಂಕಿ ಹತ್ತಿರ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ, ಹತ್ತಿಯದ್ದೇ ಹಾಕಿಕೊಳ್ಳಿ. ಕಾಲಿಗೆ ಚಪ್ಪಲಿ ಅಲ್ಲ, ಶೂ.

## 1. ಸರಿಯಾದ ಉಕ್ಕು ಕೊಳ್ಳುವುದು

ಅರ್ಧ ಜನ ಸೋಲುವುದು ಇಲ್ಲಿ. ಗುಜರಿಯಲ್ಲಿ ಸಿಕ್ಕ ಯಾವುದೋ ಪಟ್ಟಿ ತಂದು ಮೂರು ದಿನ ಅರ ಹಾಕುತ್ತಾರೆ. ಕೊನೆಗೆ ಎಣ್ಣೆಗೆ ಅದ್ದಿದರೆ ಅದು ಗಟ್ಟಿಯೇ ಆಗುವುದಿಲ್ಲ.

ಉಕ್ಕು ಗಟ್ಟಿಯಾಗುವುದು ಕಾರ್ಬನ್‌ನಿಂದ. ಮನೆ ಗ್ರಿಲ್ಲಿಗೆ ಬಳಸುವ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಯಲ್ಲಿ ಕಾರ್ಬನ್ ಸುಮಾರು 0.2%. ಆರ್.ಸಿ.ಸಿ.ಗೆ ಹಾಕುವ ಟಿ.ಎಂ.ಟಿ. ಕಂಬಿಯಲ್ಲೂ 0.3% ಮೀರುವುದಿಲ್ಲ. ಇವುಗಳಿಗೆ ಎಷ್ಟು ಬೆಂಕಿ ಕೊಟ್ಟರೂ ಉಳಿಯ ಬಾಯಿ ನಿಲ್ಲುವುದಿಲ್ಲ.

"ಲಾರಿ ಕಮಾನು ಪಟ್ಟಿ ಆಗಲ್ವಾ?" ಎಲ್ಲರೂ ಕೇಳುವ ಪ್ರಶ್ನೆ. ಮಚ್ಚು, ಕೊಡಲಿಗೆ ಬಹಳ ಚೆನ್ನಾಗಿ ಆಗುತ್ತದೆ. ಅದರಲ್ಲಿ ಕಾರ್ಬನ್ ಸಾಮಾನ್ಯವಾಗಿ 0.5ರಿಂದ 0.6%. ಏಟು ತಡೆಯುವ ಗುಣ ಜಾಸ್ತಿ, ಸಣ್ಣ ಹರಿತವನ್ನು ಬಹಳ ಹೊತ್ತು ಹಿಡಿದಿಡುವ ಗುಣ ಕಮ್ಮಿ. ಇನ್ನೊಂದು ತೊಂದರೆ, ವರ್ಷಗಟ್ಟಲೆ ಕುಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು. ಅದು ಗೊತ್ತಾಗುವುದು ಎಣ್ಣೆಗೆ ಅದ್ದಿದ ಮೇಲೆಯೇ.

ಮೊದಲ ಉಳಿಗೆ ಓ.ಎಚ್.ಎನ್.ಎಸ್. ಪಟ್ಟಿ ಕೊಳ್ಳಿ. ಡೈ, ಪಂಚ್ ಮಾಡುವವರು ಬಳಸುವ, ಎಣ್ಣೆಯಲ್ಲಿ ಗಟ್ಟಿಯಾಗುವ ಉಕ್ಕು. ಕಾರ್ಬನ್ ಸುಮಾರು 0.9%. ಎಣ್ಣೆಯಲ್ಲಿ ಅದ್ದಿದಾಗ ಕಮ್ಮಿ ಸೊಟ್ಟಗಾಗುತ್ತದೆ, ಹೊಸಬರ ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಟೂಲ್ ಸ್ಟೀಲ್ ಮಾರುವ ಅಂಗಡಿಗಳಲ್ಲಿ ಕೇಳಿ. ಹೆಸರು ಹೇಳಿಯೇ ಕೇಳಬೇಕು. "ಗಟ್ಟಿ ಕಬ್ಬಿಣ ಕೊಡಿ" ಅಂದರೆ ಏನು ಬೇಕಾದರೂ ಕೊಡುತ್ತಾರೆ.

ಅಳತೆ: 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ, 280 ಮಿ.ಮೀ. ಉದ್ದ. ಇದರಲ್ಲಿ ಉಳಿಗೆ 225, ಪರೀಕ್ಷೆಯ ತುಂಡಿಗೆ 50, ಉಳಿದದ್ದು ಗರಗಸದ ಪಾಲು. ಅಂಗಡಿಯಲ್ಲೇ ಪಟ್ಟಿಯ ಮೂಲೆಗೆ ಒಂದು ಸಲ ಅರ ಎಳೆದು ನೋಡಿ. ಅರ ಕಚ್ಚಬೇಕು. ಜಾರಿದರೆ ಅದು ಆಗಲೇ ಹದ ಹಾಕಿದ ತುಂಡು, ಕೊಳ್ಳಬೇಡಿ.

## 2. ಗುರುತು ಹಾಕುವುದು

ಪಟ್ಟಿಯ ಎರಡು ಮುಖಗಳಲ್ಲಿ ಹೆಚ್ಚು ಮಟ್ಟಸ ಇರುವುದನ್ನು ಬೆನ್ನು ಅಂತ ಆರಿಸಿ, ಮಾರ್ಕರ್ ಪೆನ್ನಿನಿಂದ 'ಬೆ' ಅಂತ ಬರೆದುಬಿಡಿ. ಇದು ಬಾಲಿಶ ಅನ್ನಿಸಬಹುದು. ಆದರೆ ತಪ್ಪು ಮುಖಕ್ಕೆ ಇಳಿಜಾರು ಹಾಕಿದ ಉಳಿ ನನ್ನ ಡಬ್ಬದಲ್ಲಿ ಎರಡಿವೆ.

ಒಂದು ತುದಿಯಿಂದ 155 ಮಿ.ಮೀ.ಗೆ ಮೂಲೆಮಟ್ಟ ಇಟ್ಟು ಅಡ್ಡಗೆರೆ ಎಳೆಯಿರಿ. ಅದೇ ಭುಜ. ಅಲ್ಲಿಂದ ಆಚೆ 70 ಮಿ.ಮೀ. ಬಾಲ. ಬಾಲದ ಅಗಲ ಭುಜದ ಹತ್ತಿರ 10 ಮಿ.ಮೀ., ತುದಿಯಲ್ಲಿ 5 ಮಿ.ಮೀ. ಪಟ್ಟಿಯ ನಡುಗೆರೆಯಿಂದ ಎರಡೂ ಕಡೆ ಸಮ ಅಳೆಯಿರಿ. ಬಾಲ ಒಂದು ಕಡೆಗೆ ವಾಲಿದರೆ ಹಿಡಿ ಸೊಟ್ಟ ಕೂರುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ.

## 3. ಕೊಯ್ಯುವ ಮುಂಚೆ ತೂತು

ಬಾಲ ಮತ್ತು ಭುಜ ಸೇರುವ ಎರಡು ಒಳಮೂಲೆಗಳಿವೆಯಲ್ಲ, ಅಲ್ಲಿ ಹ್ಯಾಕ್ಸಾ ಹಾಕುವ ಮುಂಚೆ 5 ಮಿ.ಮೀ. ತೂತು ಹೊಡೆಯಿರಿ. ತೂತಿನ ಅಂಚು ಭುಜದ ಗೆರೆಯನ್ನೂ ಬಾಲದ ಗೆರೆಯನ್ನೂ ಮುಟ್ಟುವಂತೆ ಪಂಚ್ ಹಾಕಿ. ಆಮೇಲೆ ಎರಡೂ ಕಡೆಯಿಂದ ಗರಗಸ ತೂತಿನ ತನಕ ಬಂದರೆ, ಒಳಮೂಲೆ ತಾನಾಗಿ ಗುಂಡಗೆ ಉಳಿಯುತ್ತದೆ.

ಚೂಪಾದ ಒಳಮೂಲೆ ಬಿಟ್ಟರೆ ಏನಾಗುತ್ತದೆ? ಸುತ್ತಿಗೆಯ ಪ್ರತಿ ಏಟಿನ ಒತ್ತಡವೂ ಅದೇ ಮೂಲೆಗೆ ಹೋಗಿ ಸೇರುತ್ತದೆ. ಉಳಿ ಒಂದು ತಿಂಗಳು ಚೆನ್ನಾಗಿ ಕೆಲಸ ಮಾಡಿ, ಒಂದು ದಿನ ಹಿಡಿಯಿಂದ ಕಳಚಿ ಬೀಳುತ್ತದೆ. ಡಬ್ಬದ ಮೂರನೇ ಗುಂಪು ಅಂದೆನಲ್ಲ, ಅವೆಲ್ಲ ಚೂಪು ಮೂಲೆಯವೇ. ಗುಂಡು ಅರದಿಂದ ಆ ಜಾಗವನ್ನು ನುಣ್ಣಗೆ ಮಾಡಿ, ಹ್ಯಾಕ್ಸಾದ ಒಂದು ಗೀರೂ ಉಳಿಯಬಾರದು.

ಬಾಲದ ತುದಿಯಲ್ಲಿ ಒಂದು 3 ಮಿ.ಮೀ. ತೂತು ಹಾಕಿ. ಬೆಂಕಿಯಲ್ಲಿ ತಂತಿ ಕಟ್ಟಿ ನೇತುಹಾಕಲು ಬೇಕು.

## 4. ಅರದ ಕೆಲಸ, ಮೊದಲು ಬೆನ್ನು

ಎಲ್ಲ ಅಳತೆಗೂ ಬೆನ್ನೇ ಆಧಾರ. ಹಾಗಾಗಿ ಮೊದಲು ಅದನ್ನು ಸಮ ಮಾಡಿ. ಗಾಜಿನ ಮೇಲೆ ಪಟ್ಟಿ ಇಟ್ಟು ನಾಲ್ಕು ಮೂಲೆಯಲ್ಲೂ ಬೆರಳಿಂದ ಒತ್ತಿ ನೋಡಿ. ಟಕಟಕ ಅಂದರೆ ತಿರುಚಿದೆ ಅಂತ ಅರ್ಥ. ಅರವನ್ನು ಅಡ್ಡ ಹಿಡಿದು, ಎರಡೂ ಕೈಯಿಂದ ನಿಮ್ಮ ಕಡೆಗೆ ಎಳೆಯುತ್ತಾ ಸಮ ಮಾಡಿ. ಆಮೇಲೆ ಗಾಜಿನ ಮೇಲೆ 120ರ ಪೇಪರ್ ಅಂಟಿಸಿ ಉಜ್ಜಿ. ಈಗ ಉಕ್ಕು ಮೆತ್ತಗಿದೆ. ಈಗ ಹತ್ತು ನಿಮಿಷದಲ್ಲಿ ಆಗುವ ಕೆಲಸ ಹದ ಹಾಕಿದ ಮೇಲೆ ಎರಡು ಗಂಟೆ ಹಿಡಿಯುತ್ತದೆ.

ನಂತರ ಮೇಲ್ಮುಖದ ಎರಡು ಪಕ್ಕದ ಇಳಿಜಾರು. ನಡುವೆ 10 ಮಿ.ಮೀ. ಪಟ್ಟೆ ಬಿಟ್ಟು ಎರಡೂ ಕಡೆ ಇಳಿಸಿ. ಅಂಚಿನಲ್ಲಿ 2 ಮಿ.ಮೀ. ದಪ್ಪ ಉಳಿಯಲಿ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎಡಕ್ಕೆ ಇಪ್ಪತ್ತು ಎಳೆತ, ಬಲಕ್ಕೆ ಇಪ್ಪತ್ತು ಎಳೆತ, ಹೀಗೆ ಸಾಗಲಿ. ಎರಡು ಕಡೆ ದಪ್ಪ ಬೇರೆಯಾದರೆ ಎಣ್ಣೆಯಲ್ಲಿ ತೆಳು ಕಡೆ ಮೊದಲು ತಣಿದು ಉಳಿ ಬಾಳೆಕಾಯಿಯಂತೆ ಬಾಗುತ್ತದೆ.

ಕೊನೆಗೆ ಬಾಯಿಯ ಇಳಿಜಾರು, 25 ಡಿಗ್ರಿ. ಕೋನಮಾಪಕ ಇಲ್ಲದಿದ್ದರೂ ನಡೆಯುತ್ತದೆ. 6 ಮಿ.ಮೀ. ದಪ್ಪಕ್ಕೆ 25 ಡಿಗ್ರಿ ಅಂದರೆ ಉದ್ದಕ್ಕೆ 13 ಮಿ.ಮೀ. ಆದರೆ ಈಗ 10 ಮಿ.ಮೀ. ತನಕ ಮಾತ್ರ ಇಳಿಸಿ.

## 5. ಏನು ಉಳಿಸಬೇಕು

ಬಾಯಿಯನ್ನು ಈಗ ಹರಿತ ಮಾಡಬೇಡಿ. ಅಂಚಿನಲ್ಲಿ ಸುಮಾರು 1.5 ಮಿ.ಮೀ. ದಪ್ಪ ಇರಲೇಬೇಕು. 10 ಮಿ.ಮೀ.ಗೆ ನಿಲ್ಲಿಸಿ ಅಂದದ್ದು ಅದಕ್ಕೇ.

ಕೈ ತಡೆಯುವುದಿಲ್ಲ, ಗೊತ್ತು. ಉಳಿ ಆಗಲೇ ಉಳಿಯಂತೆ ಕಾಣುತ್ತಿರುತ್ತದೆ, ಇನ್ನೆರಡು ಸಲ ಅರ ಎಳೆದರೆ ಹರಿತ ಬಂದೇಬಿಡುತ್ತದೆ. ಆದರೆ ಬ್ಲೇಡಿನಷ್ಟು ತೆಳು ಅಂಚು ಬೆಂಕಿಯಲ್ಲಿ ಉಳಿದ ಮೈಗಿಂತ ಬಹಳ ಬೇಗ ಕಾಯುತ್ತದೆ. ಮೈ ಕೆಂಪಾಗುವಷ್ಟರಲ್ಲಿ ಅಂಚು ಕಿತ್ತಳೆ ಬಣ್ಣ ದಾಟಿರುತ್ತದೆ. ಅಲ್ಲಿನ ಕಾರ್ಬನ್ ಸುಟ್ಟು ಹೋಗುತ್ತದೆ, ಎಣ್ಣೆಯಲ್ಲಿ ಸೀಳು ಬೀಳುತ್ತದೆ. ಮುಕ್ಕಾದ ಬಾಯಿಗಳ ಹಿಂದೆ ಹೆಚ್ಚಾಗಿ ಇದೇ ಕಥೆ.

ಹಾಗೆಯೇ, ಈಗಲೇ ಮುಗಿಸಬೇಕಾದದ್ದು: ಎಲ್ಲ ತೂತು, ಭುಜದ ಗುಂಡು, ಬೆನ್ನಿನ ಸಮ, ಮೈಮೇಲಿನ ಆಳವಾದ ಗೀರುಗಳನ್ನು ತೆಗೆಯುವುದು. ಅಡ್ಡಕ್ಕೆ ಬಿದ್ದ ಒಂದು ಆಳ ಗೀರು ಸಾಕು, ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಹೆಸರು, ಗುರುತು ಅಚ್ಚು ಹೊಡೆಯುವುದಿದ್ದರೂ ಈಗಲೇ, ಭುಜದ ಹತ್ತಿರ.

## 6. ಪರೀಕ್ಷೆಯ ತುಂಡು

ಯಾರೂ ಮಾಡದ ಹಂತ ಇದು, ಸೋಲನ್ನು ಎಲ್ಲಕ್ಕಿಂತ ಜಾಸ್ತಿ ತಪ್ಪಿಸುವುದೂ ಇದೇ. ಕೊಯ್ದಿಟ್ಟ 50 ಮಿ.ಮೀ. ತುಂಡಿನ ನಡುವೆ ಹ್ಯಾಕ್ಸಾದಿಂದ ಅರ್ಧ ಆಳ ಗೀರಿ. ಮುಂದಿನ ಹಂತದಲ್ಲಿ ಹೇಳಿದಂತೆ ಇದನ್ನು ಮೊದಲು ಕಾಯಿಸಿ ಎಣ್ಣೆಗೆ ಅದ್ದಿ. ತಣಿದ ಮೇಲೆ ವೈಸಿಗೆ ಕಚ್ಚಿಸಿ, ದಪ್ಪ ಬಟ್ಟೆ ಮುಚ್ಚಿ, ಸುತ್ತಿಗೆಯಿಂದ ಹೊಡೆದು ಮುರಿಯಿರಿ. ಬಟ್ಟೆ ಮುಚ್ಚದಿದ್ದರೆ ಚೂರು ಗುಂಡಿನಂತೆ ಹಾರುತ್ತದೆ.

ಮುರಿದ ಮೈ ನೋಡಿ. ರಾಗಿ ಹಿಟ್ಟಿನಂತೆ ನುಣ್ಣಗೆ, ಬೂದು ಬಣ್ಣಕ್ಕಿದ್ದರೆ ನಿಮ್ಮ ಬೆಂಕಿ ಸರಿ ಇದೆ. ರವೆಯಂತೆ ಹರಳು ಹರಳಾಗಿ ಮಿನುಗಿದರೆ ಜಾಸ್ತಿ ಕಾಯಿಸಿದ್ದೀರಿ. ಮುರಿಯದೆ ಬಾಗಿದರೆ ಕಾದದ್ದು ಸಾಲದು, ಇಲ್ಲವೇ ಉಕ್ಕೇ ಬೇರೆ. ಈ ಮೂರರಲ್ಲಿ ಯಾವುದು ಅಂತ 50 ಮಿ.ಮೀ. ತುಂಡಿನಲ್ಲಿ ಗೊತ್ತಾದರೆ ಒಳ್ಳೆಯದಲ್ವಾ, ಮೂರು ದಿನ ಅರ ಹಾಕಿದ ಉಳಿಯಲ್ಲಿ ಗೊತ್ತಾಗುವುದಕ್ಕಿಂತ?

## 7. ಕಾಯಿಸಿ ಎಣ್ಣೆಗೆ ಅದ್ದುವುದು

ಸಂಜೆ ಹೊತ್ತು ಮಾಡಿ, ಅಥವಾ ಕತ್ತಲೆ ಇರುವ ಶೆಡ್ಡಿನಲ್ಲಿ. ಆದರೆ ಗಾಳಿ ಆಡುವಂತಿರಲಿ, ಇದ್ದಿಲಿನ ಹೊಗೆ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯುತ್ತದೆ. ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣ ಗೊತ್ತಾಗುವುದಿಲ್ಲ. ಮಧ್ಯಾಹ್ನ ಅಂಗಳದಲ್ಲಿ "ಇನ್ನೂ ಕೆಂಪಾಗಿಲ್ಲ" ಅಂತ ಗಾಳಿ ಊದುತ್ತಾ ಹೋದವರ ತುಂಡುಗಳೆಲ್ಲ ರವೆ ರವೆ.

ಕುಲುಮೆಯಲ್ಲಿ ಉಳಿಯನ್ನು ನೇರವಾಗಿ ಇದ್ದಿಲಿಗೆ ಇಡುವ ಬದಲು ಒಂದು ಪೈಪಿನೊಳಗೆ ಇಡಿ. ಒಂದೂವರೆ ಇಂಚಿನ ಕಪ್ಪು ಎಂ.ಎಸ್. ಪೈಪು, ಒಂದು ಬಾಯಿ ಬಡಿದು ಮುಚ್ಚಿದ್ದು. ಇದನ್ನು ಇದ್ದಿಲಿನ ನಡುವೆ ಹೂತು ಗಾಳಿ ಕೊಟ್ಟರೆ ಒಳಗೆ ಶಾಖ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಬ್ಲೋವರ್ ಗಾಳಿ ಉಕ್ಕಿಗೆ ತಗಲುವುದಿಲ್ಲ. ಜಿ.ಐ. ಪೈಪ್ ಮಾತ್ರ ಬಳಸಲೇಬೇಡಿ. ಅದರ ಸತುವಿನ ಲೇಪ ಉರಿದು ಬರುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬಂದಂತೆ ಮಲಗಬೇಕಾಗುತ್ತದೆ.

ಮೊದಲು ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಬಿಸಿ ಮಾಡಿ. ಒಂದು ಕಬ್ಬಿಣದ ತುಂಡು ಕಾಯಿಸಿ ಅದರಲ್ಲಿ ಅದ್ದಿದರೆ ಸಾಕು. ತಣ್ಣನೆ ಎಣ್ಣೆಯೇ ಬೇಗ ತಣಿಸುತ್ತದೆ ಅಂತ ಅನ್ನಿಸುತ್ತದೆ. ಆದರೆ ತಣ್ಣನೆ ಎಣ್ಣೆ ಮಂದ, ಉಕ್ಕಿನ ಸುತ್ತ ಹರಿಯುವುದಿಲ್ಲ. ಬಿಸಿ ಎಣ್ಣೆ ತೆಳ್ಳಗಾಗಿ ಬೇಗ ಹರಿದು ಶಾಖ ಎಳೆದುಕೊಳ್ಳುತ್ತದೆ. ಡಬ್ಬದ ತಳದಲ್ಲಿ ಒಂದು ಹನಿ ನೀರೂ ಇರಬಾರದು. ಇದ್ದರೆ ಅದು ಆವಿಯಾಗಿ ಕುದಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಹಳೇ ಇಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು.

ಈಗ ಉಳಿ. ಬಾಯಿಯಿಂದ ಸುಮಾರು 90 ಮಿ.ಮೀ. ಭಾಗ ಮಾತ್ರ ಕೆಂಪಾಗಬೇಕು. ಭುಜ, ಬಾಲ ಮೆತ್ತಗೇ ಉಳಿಯಲಿ. ಬಾಯಿಗಿಂತ ದಪ್ಪ ಭಾಗ ಮೊದಲು ಕಾಯುವಂತೆ ಒಳಗೆ ಹೊರಗೆ ಆಡಿಸುತ್ತಿರಿ. ಬಣ್ಣ ಗಾಢ ಕೆಂಪಿಂದ ತಿಳಿಯಾಗುತ್ತಾ ಬಂದಾಗ ಹೊರತೆಗೆದು ಮ್ಯಾಗ್ನೆಟ್ ಮುಟ್ಟಿಸಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಮ್ಯಾಗ್ನೆಟ್ಟಿಗೆ ಅಂಟುವುದನ್ನು ಬಿಡುತ್ತದೆ. ನಮಗೆ ಬೇಕಾದದ್ದು ಅದಕ್ಕಿಂತ ಸ್ವಲ್ಪವೇ ಮೇಲೆ, ಸುಮಾರು 800. ಕಣ್ಣಿಟ್ಟು ನೋಡಿದರೆ ಅದೇ ಹೊತ್ತಿಗೆ ಉಕ್ಕಿನ ಮೇಲೆ ಒಂದು ಮಬ್ಬು ನೆರಳು ಸರಿದು ಮಾಯವಾಗುವುದು ಕಾಣುತ್ತದೆ. ನೆರಳು ಪೂರ್ತಿ ಹೋಗಿ ಮೈಯೆಲ್ಲ ಒಂದೇ ಬಣ್ಣ ಆದಮೇಲೆ ಗಾಳಿ ಕಮ್ಮಿ ಮಾಡಿ, ಅದೇ ಬಣ್ಣದಲ್ಲಿ 5 ನಿಮಿಷ ಹಿಡಿಯಿರಿ. ಓ.ಎಚ್.ಎನ್.ಎಸ್.ಗೆ ಈ ಐದು ನಿಮಿಷ ಬೇಕೇ ಬೇಕು. ಕಿತ್ತಳೆಗೆ ತಿರುಗಿದರೆ ಹೊರತೆಗೆದು, ಪೂರ್ತಿ ಕಪ್ಪಾಗುವ ತನಕ ಗಾಳಿಯಲ್ಲಿ ಆರಿಸಿ, ಮತ್ತೆ ಶುರು ಮಾಡಿ.

ಪೈಪಿನಿಂದ ಎಣ್ಣೆಗೆ ಎರಡು ಸೆಕೆಂಡಿನೊಳಗೆ ಹೋಗಬೇಕು. ಹಾಗಾಗಿ ಡಬ್ಬ ಕುಲುಮೆಯ ಪಕ್ಕದಲ್ಲೇ ಇರಲಿ. ಉಳಿಯನ್ನು ನೆಟ್ಟಗೆ, ಬಾಯಿ ಕೆಳಗೆ ಮಾಡಿ ಇಳಿಸಿ. ಮೇಲೆ ಕೆಳಗೆ ಆಡಿಸಿ. ಅಕ್ಕಪಕ್ಕ ಕಲಕಬೇಡಿ, ಕಲಕಿದರೆ ಒಂದು ಕಡೆ ಬೇಗ ತಣಿದು ಬಾಗುತ್ತದೆ. ಮೇಲೆ ಬೆಂಕಿ ಹತ್ತಿಕೊಂಡರೆ ಗಾಬರಿ ಬೇಡ. ಉಳಿಯನ್ನು ಎಣ್ಣೆಯೊಳಗೇ ಬಿಟ್ಟು ಮುಚ್ಚಳ ಹಾಕಿ. ನೀರು ಮಾತ್ರ ಸುರಿಯಬೇಡಿ.

ಹೊಗೆ ನಿಂತಮೇಲೆ ಹೊರತೆಗೆಯಿರಿ. ಇನ್ನೂ ಕೈಗೆ ತಡೆಯಲಾರದಷ್ಟು ಬಿಸಿ ಇರುತ್ತದೆ. ಈ ಒಂದು ನಿಮಿಷದಲ್ಲಿ ಬೆನ್ನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಬಾಗಿದ್ದರೆ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ಎರಡು ಮರದ ಹಲಗೆಗಳ ನಡುವೆ ವೈಸಿನಲ್ಲಿ ಒತ್ತಿ ನೇರ ಮಾಡಬಹುದು. ತಣಿದ ಮೇಲೆ ಆಗುವುದಿಲ್ಲ, ಗಾಜಿನಂತೆ ಮುರಿಯುತ್ತದೆ. ಬೆನ್ನಿನ ಕಡೆ ಕೂದಲೆಳೆಯಷ್ಟು ತಗ್ಗಾಗಿದ್ದರೆ ಹಾಗೇ ಬಿಡಿ. ಅದು ಒಳ್ಳೆಯದೇ, ಉಜ್ಜುವ ಕೆಲಸ ಕಮ್ಮಿಯಾಗುತ್ತದೆ. ಉಬ್ಬಿದ್ದರೆ ಮಾತ್ರ ತಿದ್ದಲೇಬೇಕು.

ಗಟ್ಟಿಯಾಗಿದೆಯಾ ಅಂತ ಹಳೇ ಅರದ ಮೂಲೆಯಿಂದ ಪರೀಕ್ಷಿಸಿ. ಅರ ಗಾಜಿನ ಮೇಲೆ ಎಳೆದಂತೆ ಜಾರಬೇಕು. ಮೊದಲ ಎಳೆತಕ್ಕೆ ಸ್ವಲ್ಪ ಕಚ್ಚಿದರೆ "ಕೆಟ್ಟುಹೋಯ್ತು" ಅಂತ ಬಿಸಾಕಬೇಡಿ. ಮೇಲಿನ ಪೊರೆ ಬೆಂಕಿಯಲ್ಲಿ ಕಾರ್ಬನ್ ಕಳೆದುಕೊಂಡಿರುತ್ತದೆ. ಅದೇ ಜಾಗದಲ್ಲಿ ಇನ್ನೂ ನಾಲ್ಕು ಸಲ ಎಳೆಯಿರಿ, ಕೆಳಗೆ ಜಾರಿದರೆ ಸರಿ ಇದೆ.

ಜಾರಲೇ ಇಲ್ಲವೇ? ಹಾಗೇ ಮತ್ತೆ ಕಾಯಿಸಿ ಅದ್ದಬೇಡಿ, ಸೀಳುವ ಅಪಾಯ ಜಾಸ್ತಿ. ಮೊದಲು ಒಮ್ಮೆ ಕೆಂಪಗೆ ಕಾಯಿಸಿ ಒಣ ಬೂದಿಯ ರಾಶಿಯಲ್ಲಿ ಹೂತು ರಾತ್ರಿಯೆಲ್ಲ ಆರಲು ಬಿಡಿ. ಮರುದಿನ ಹೊಸದಾಗಿ ಶುರು ಮಾಡಿ.

## 8. ಹದ ಇಳಿಸುವುದು

ಈಗ ನಿಮ್ಮ ಕೈಯಲ್ಲಿರುವುದು ಗಾಜು. ಸಿಮೆಂಟ್ ನೆಲಕ್ಕೆ ಬಿದ್ದರೆ ಎರಡು ತುಂಡು. ಅದ್ದಿದ ಒಂದು ಗಂಟೆಯೊಳಗೆ ಓವನ್ನಿಗೆ ಹೋಗಬೇಕು. "ನಾಳೆ ಮಾಡಿದರಾಯ್ತು" ಅಂತ ಇಟ್ಟ ಉಳಿ ರಾತ್ರಿ ತಾನಾಗಿ ಸೀಳಿಕೊಂಡದ್ದೂ ಇದೆ.

ಎಣ್ಣೆ ಪೂರ್ತಿ ತೊಳೆದು ಒರೆಸಿ. ಬೆನ್ನಿನ ಒಂದು ತುದಿಯನ್ನು ಪೇಪರಿನಿಂದ ಉಜ್ಜಿ ಹೊಳೆಯುವಂತೆ ಮಾಡಿ, ಬಣ್ಣ ಅಲ್ಲೇ ಕಾಣುವುದು. ಓವನ್ನಿನಲ್ಲಿ ಒಂದು ತಟ್ಟೆ ಮರಳು ಇಟ್ಟು ಮೊದಲೇ 200 ಡಿಗ್ರಿಗೆ ಬಿಸಿ ಮಾಡಿರಿ. ಮರಳಿದ್ದರೆ ಶಾಖ ಏರಿಳಿಯುವುದು ಕಮ್ಮಿ. ಉಳಿಯನ್ನು ಅದರೊಳಗೆ ಹೂತು, ಒಂದು ಗಂಟೆ ಬಿಟ್ಟು, ಹೊರತೆಗೆದು ತಣಿಸಿ, ಮತ್ತೆ ಒಂದು ಗಂಟೆ ಇಡಿ.

ಓವನ್ನಿನ ಗುಂಡಿಯ ಮೇಲಿನ ಅಂಕಿ ನಂಬಬೇಡಿ. ನನ್ನದರಲ್ಲಿ ಗುಂಡಿ 200ರಲ್ಲಿದ್ದಾಗ ಒಳಗೆ 235 ಇತ್ತು. ಎರಡು ಉಳಿಗಳನ್ನು ಮೆತ್ತಗೆ ಮಾಡಿಕೊಂಡ ಮೇಲೆ ಥರ್ಮಾಮೀಟರ್ ತಂದೆ.

ಸರಿಯಾಗಿದ್ದರೆ ಹೊಳಪು ಮಾಡಿದ ಜಾಗ ತಿಳಿಯಾದ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಕಂದು ಬಂದರೆ ಸುಮಾರು 255 ದಾಟಿದೆ, ನೀಲಿ ಅಂದರೆ 300ರ ಹತ್ತಿರ. ಎರಡೂ ಬಡಗಿ ಉಳಿಗೆ ಮೆತ್ತಗಾಯಿತು. ಅನುಮಾನ ಇದ್ದರೆ ಕಮ್ಮಿ ಶಾಖದಿಂದಲೇ ಶುರು ಮಾಡಿ. ಆಮೇಲೆ ಇನ್ನೊಂದು 15 ಡಿಗ್ರಿ ಏರಿಸಿ ಮೆತ್ತಗೆ ಮಾಡಬಹುದು. ಮೆತ್ತಗಾದದ್ದನ್ನು ಗಟ್ಟಿ ಮಾಡಲು ಮತ್ತೆ ಏಳನೇ ಹಂತದಿಂದಲೇ ಬರಬೇಕು.

ಕುಲುಮೆಯೇ ಬೇಡ ಅನ್ನುವವರು ಐದನೇ ಹಂತ ಮುಗಿಸಿ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಕೊಡಿ. ಚೀಟಿಯಲ್ಲಿ ಬರೆದುಕೊಡಿ: ಓ.ಎಚ್.ಎನ್.ಎಸ್., 58ರಿಂದ 60 ಎಚ್.ಆರ್.ಸಿ. (ಉಕ್ಕಿನ ಗಟ್ಟಿತನದ ಅಳತೆ), ನೇತುಹಾಕಿ ಮಾಡಬೇಕು. ಬಾಯಲ್ಲಿ ಹೇಳಿದ್ದು ಒಳಗಿನ ಕೆಲಸದವರ ತನಕ ತಲುಪುವುದಿಲ್ಲ.

## 9. ಬೆನ್ನು, ಬಾಯಿ, ಹರಿತ

ಮತ್ತೆ ಮೊದಲು ಬೆನ್ನು. ಗಾಜಿನ ಮೇಲೆ ಪೇಪರ್ ಹಾಸಿ, ನೀರು ಚಿಮುಕಿಸಿ, 120ರಿಂದ 800ರ ತನಕ ಉಜ್ಜಿ. ಇಡೀ ಬೆನ್ನು ಬೇಕಿಲ್ಲ, ಬಾಯಿಯ ಕಡೆಯ 40 ಮಿ.ಮೀ. ಸಾಕು. ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿಕೊಂಡು ಉಜ್ಜಿದರೆ ಎಲ್ಲಿ ತಗಲುತ್ತಿಲ್ಲ ಅಂತ ಗೊತ್ತಾಗುತ್ತದೆ. ಒಂದು ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋಗಬೇಡಿ. ಬೆನ್ನು ಸಮ ಇಲ್ಲದ ಉಳಿಯನ್ನು ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ, ಯಾಕೆಂದರೆ ಬಾಯಿ ಅಂದರೆ ಎರಡು ಮೈ ಕೂಡುವ ಗೆರೆ.

ಬಾಯಿಯ 25 ಡಿಗ್ರಿಯನ್ನು ಗ್ರೈಂಡರಿನಲ್ಲಿ ಪೂರ್ತಿ ಇಳಿಸಿ, 1.5 ಮಿ.ಮೀ. ದಪ್ಪ ಹೋಗಬೇಕು. ಇಲ್ಲಿ ಬರಿಗೈ. ಗ್ಲೌಸ್ ಹಾಕಿದರೆ ಕಲ್ಲು ಎಳೆದುಕೊಳ್ಳಬಹುದು, ಬಿಸಿಯೂ ಗೊತ್ತಾಗುವುದಿಲ್ಲ. ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ. ಬಾಯಿಯ ಮೇಲಿನ ನೀರಿನ ಹನಿ ಚುರ್ ಅಂದರೆ ನಿಲ್ಲಿಸುವ ಹೊತ್ತು. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿನ ಹದ ಹೋಯಿತು. ಪಾಲಿಶ್ ಮಾಡಿ ಬಣ್ಣ ಅಳಿಸಿದರೆ ಹದ ವಾಪಸ್ ಬರುವುದಿಲ್ಲ. ನೀಲಿ ಇರುವಷ್ಟನ್ನೂ ಸವೆಸಿ ಹಿಂದೆ ಹೋಗಬೇಕು. 

ಕೊನೆಗೆ ಸಾಣೆಕಲ್ಲಿನ ಮೇಲೆ 30 ಡಿಗ್ರಿಗೆ ಎತ್ತಿ ಮಸೆಯಿರಿ. ಬೆನ್ನಿನ ಕಡೆ ಬೆರಳು ಸವರಿದರೆ ಸಣ್ಣ ಸುಣುಕು (ಅಂಚಿನಾಚೆ ಮಡಚಿಕೊಂಡ ಉಕ್ಕಿನ ತೆಳು ಎಳೆ) ತಗಲಬೇಕು, ಅಗಲಕ್ಕೂ ಒಂದೇ ಸಮ. ಆಮೇಲೆ ಬೆನ್ನನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಆ ಸುಣುಕನ್ನು ತೆಗೆಯಿರಿ. ಬೆನ್ನನ್ನು ಒಂದಿಷ್ಟೂ ಎತ್ತಬೇಡಿ.

## 10. ಹಿಡಿ

ಮರ ಚೆನ್ನಾಗಿ ಒಣಗಿದ್ದಿರಬೇಕು. ಕರಿಜಾಲಿ ಸಿಕ್ಕರೆ ಅದೇ, ಇಲ್ಲದಿದ್ದರೆ ಹುಣಸೆಯ ಒಳಮರ. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಬಾಲದ ಕಡೆ ಸೀಳದಂತೆ ಒಂದು ಬಳೆ ಬೇಕು. ಎ.ಸಿ. ರಿಪೇರಿಯವರ ಹತ್ತಿರ ಸಿಗುವ ದಪ್ಪ ತಾಮ್ರದ ಪೈಪಿನ ತುಂಡು ಚೆನ್ನಾಗಿ ಕೂರುತ್ತದೆ.

ಹಿಡಿಗೆ ತೂತು ಎರಡು ಹಂತದಲ್ಲಿ ಹಾಕಿ. 6 ಮಿ.ಮೀ. ಬಿಟ್ಟಿನಿಂದ 70 ಮಿ.ಮೀ. ಆಳ, ಮೇಲಿನ ಅರ್ಧಕ್ಕೆ 8 ಮಿ.ಮೀ. ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಸುಟ್ಟು ಇಳಿಸುವ ಹಳೇ ಪದ್ಧತಿ ಇದೆ. ಹದ ಹಾಕಿದ ಉಳಿಗೆ ಅದು ಬೇಡ, ಶಾಖ ಬಾಯಿಯ ತನಕ ಹರಿದರೆ ಅಷ್ಟೂ ಕೆಲಸ ಹಾಳು.

ಬಾಲವನ್ನು ಕೈಯಿಂದ ಒತ್ತಿದಾಗ ಭುಜಕ್ಕೂ ಹಿಡಿಗೂ ನಡುವೆ 10 ಮಿ.ಮೀ. ಉಳಿಯಬೇಕು. ಜಾಸ್ತಿ ಉಳಿದರೆ ತೂತನ್ನು ಸ್ವಲ್ಪ ಅಗಲ ಮಾಡಿ, ಇಲ್ಲದಿದ್ದರೆ ಹಿಡಿ ಸೀಳುತ್ತದೆ. ಭುಜದ ಕೆಳಗೆ ಒಂದು ವಾಷರ್ ಹಾಕಿ. ಈಗ ಹಿಡಿಯನ್ನು ಕೈಯಲ್ಲಿ ಹಿಡಿದು, ಉಳಿ ಕೆಳಗೆ ನೇತಾಡುವಂತೆ ಮಾಡಿ, ಹಿಡಿಯ ತಲೆಗೆ ಮರದ ಕೊಡತಿಯಿಂದ ಹೊಡೆಯಿರಿ. ಉಳಿಯ ಬಾಯಿ ಎಲ್ಲಿಗೂ ತಾಗಬಾರದು. ಹೊಡೆತಕ್ಕೆ ಉಳಿ ತಾನಾಗಿ ಮೇಲೇರಿ ಹಿಡಿಯೊಳಗೆ ಕೂರುತ್ತದೆ. ಮೊದಲ ಸಲ ನೋಡಿದವರು ನಂಬುವುದಿಲ್ಲ, ಮಾಡಿ ನೋಡಿ. ಕಾಲು ಕೆಳಗಿಂದ ದೂರ ಇರಲಿ.

ಹಿಡಿಗೆ ಅಗಸೆ ಎಣ್ಣೆ ಎರಡು ಸಲ ಸವರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

## 11. ಕೆಲಸಕ್ಕೆ ಹಾಕಿ ನೋಡುವುದು

ತೇಗದ ತುಂಡಿನ ಅಡ್ಡಕೊಯ್ತದ ಕಡೆಯಲ್ಲಿ ಇಪ್ಪತ್ತು ಏಟು ಹೊಡೆಯಿರಿ. ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಹರಿತ ಅಂಚು ಬೆಳಕನ್ನು ಹೊಳೆಯಿಸುವುದಿಲ್ಲ. ಬಿಳಿ ಗೆರೆ ಮಿನುಗಿದರೆ ಬಾಯಿ ಮಡಚಿದೆ, ಅಂದರೆ ಮೆತ್ತಗಾಗಿದೆ. ಸಣ್ಣ ಚುಕ್ಕಿಗಳು ಮಿನುಗಿದರೆ ಮುಕ್ಕಾಗಿದೆ, ಅಂದರೆ ಗಟ್ಟಿ ಜಾಸ್ತಿಯಾಗಿದೆ.

ಯಾವುದೇ ಆಗಲಿ, ತಕ್ಷಣ ಓವನ್ನಿಗೆ ಓಡಬೇಡಿ. ಮೊದಲು ಒಂದು ಮಿ.ಮೀ. ಸವೆಸಿ, ಮತ್ತೆ ಮಸೆದು, ಇನ್ನೊಮ್ಮೆ ನೋಡಿ. ಬೆಂಕಿಗೆ ನೇರವಾಗಿ ಸಿಕ್ಕ ಆ ಮೊದಲ ಒಂದೆರಡು ಮಿ.ಮೀ. ಎಷ್ಟೋ ಸಲ ಕೆಟ್ಟಿರುತ್ತದೆ, ಅದರ ಹಿಂದಿನ ಉಕ್ಕು ಚೆನ್ನಾಗಿರುತ್ತದೆ. ಹಾಗೆ ಎರಡು ಸಲ ಮಾಡಿದ ಮೇಲೂ ಮುಕ್ಕಾದರೆ ಹಿಡಿ ಬಿಚ್ಚಿ, 215 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಇಡಿ. ಎರಡು ಸಲ ಸವೆಸಿದ ಮೇಲೂ ಮಡಚಿದರೆ ಏಳನೇ ಹಂತಕ್ಕೆ ಹಿಂದೆ ಹೋಗಿ, ಬೂದಿಯಲ್ಲಿ ಆರಿಸುವುದರಿಂದ ಶುರು ಮಾಡಿ.

ಈ ಉಕ್ಕು ತುಕ್ಕು ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಂದು ರಾತ್ರಿ ಸಾಕು. ಕೆಲಸ ಮುಗಿದ ಮೇಲೆ ಬೆವರಿನ ಕೈಗುರುತು ಒರೆಸಿ, ಮಷಿನ್ ಎಣ್ಣೆ ತೆಳ್ಳಗೆ ಸವರಿ, ಬಾಯಿಗೆ ಸೈಕಲ್ ಟ್ಯೂಬಿನ ಒಂದು ತುಂಡು ತೊಡಿಸಿ ಇಡಿ.